ಗುಂಡ ತಿಂದ ಒಣದ್ರಾಕ್ಷಿ: ರಜೆಯ ದಿನ ನಾಯಿಗೆ ಡಾಕ್ಟರನ್ನು ಹುಡುಕುವ ಪಾಠ



ಕಳೆದ ಪಾಟ್‌ಲಕ್‌ನಲ್ಲಿ ನಮ್ಮ ಮನೆಯ ನಾಯಿ ಗುಂಡನ ಕಥೆ ಹೇಳುತ್ತಿದ್ದಾಗ ಪಕ್ಕದಲ್ಲಿ ಕೂತಿದ್ದವರೊಬ್ಬರು ತಟ್ಟೆ ಕೆಳಗಿಟ್ಟು, "ಏನ್ರೀ, ನಾಯಿಗೆ ದ್ರಾಕ್ಷಿ ಕೊಡಬಾರದಾ? ನಮ್ಮ ಹುಡುಗರು ದಿನಾ ಕೊಡ್ತಾರಲ್ಲ!" ಎಂದರು. ಕೋವಿಡ್ ಕಾಲದಲ್ಲಿ ನಮ್ಮ ಕೂಟದ ಎಷ್ಟೋ ಮನೆಗಳಿಗೆ ನಾಯಿಮರಿ ಬಂದಿವೆ. ಆದರೆ ಅರ್ಧರಾತ್ರಿಯಲ್ಲಿ ಅದಕ್ಕೆ ಹುಷಾರು ತಪ್ಪಿದರೆ ಎಲ್ಲಿಗೆ ಓಡಬೇಕು ಎಂದು ಕೇಳಿದರೆ ಹೆಚ್ಚಿನವರಲ್ಲಿ ಉತ್ತರವಿಲ್ಲ. ನನ್ನಲ್ಲೂ ಇರಲಿಲ್ಲ. ಹಾಗಾಗಿ ಈ ಬರಹ. ನಾನು ಪಶುವೈದ್ಯನಲ್ಲ, ಕೋಡ್ ಬರೆದು ಹೊಟ್ಟೆ ಹೊರೆಯುವವನು. ಒಂದು ರಾತ್ರಿ ಕಲಿತದ್ದನ್ನೂ, ಆಮೇಲೆ ಡಾಕ್ಟರುಗಳನ್ನು ಕೇಳಿ, ಓದಿ ತಿಳಿದುಕೊಂಡದ್ದನ್ನೂ ಮಾತ್ರ ಬರೆಯುತ್ತಿದ್ದೇನೆ.

2022ರ ಗಣೇಶನ ಹಬ್ಬ ಆಗಸ್ಟ್ 31ರ ಬುಧವಾರ ಬಂದಿತ್ತು. ಕೆಲಸದ ದಿನ ನೆಂಟರಿಷ್ಟರನ್ನು ಕರೆಯುವುದು ಹೇಗೆ? ಗಣಪನನ್ನು ಐದು ದಿನ ಇಟ್ಟುಕೊಂಡು ಸೆಪ್ಟೆಂಬರ್ 4ರ ಭಾನುವಾರ ಬಿಡೋಣ, ಮರುದಿನ ಹೇಗೂ ಲೇಬರ್ ಡೇ ರಜೆ ಎಂದು ನಿರ್ಧರಿಸಿದೆವು. ಹಾಸನದಿಂದ ಅಮ್ಮ ಬಂದಿದ್ದರು. ನ್ಯೂಜೆರ್ಸಿಯ ನಮ್ಮ ಪುಟ್ಟ ಅಡುಗೆಮನೆಯಲ್ಲಿ ಇಪ್ಪತ್ತು ಜನಕ್ಕೆ ಕೇಸರಿಬಾತು, ಪುಳಿಯೋಗರೆ, ಕೋಸಂಬರಿ ತಯಾರಾಗುತ್ತಿತ್ತು. ಗುಂಡ ಬೀಗಲ್ ಜಾತಿಯವನು, ಆಗ ಆರು ವರ್ಷ, 26 ಪೌಂಡ್, ಅಂದರೆ ಸುಮಾರು 12 ಕೆ.ಜಿ. ತೂಕ. ಬೀಗಲ್ ಸಾಕಿದವರಿಗೆ ಗೊತ್ತು, ಆ ಜಾತಿಗೆ ಮೂಗು ಒಂದು, ಹೊಟ್ಟೆ ಒಂದು. ಉಳಿದ ಅಂಗಗಳೆಲ್ಲ ಅವೆರಡರ ಸೇವೆಗೆ ಇರುವಂಥವು.

ಸಂಜೆ ನಾಲ್ಕೂವರೆ ಸುಮಾರಿಗೆ ನಾನು ಅಡುಗೆಮನೆಗೆ ಹೋದಾಗ ಅಮ್ಮ ತೊಟ್ಟು ಬಿಡಿಸುತ್ತಾ ಒಣದ್ರಾಕ್ಷಿ ಆರಿಸುತ್ತಿದ್ದರು. ಗುಂಡ ಅವರ ಕಾಲ ಬುಡದಲ್ಲಿ ಕೂತು ಒಂದೊಂದನ್ನೇ ಗಾಳಿಯಲ್ಲೇ ಹಿಡಿದು ನುಂಗುತ್ತಿದ್ದ. ನಾಯಿಗೆ ದ್ರಾಕ್ಷಿ ಆಗಿಬರುವುದಿಲ್ಲ ಎಂದು ನಾನು ಎಲ್ಲೋ ಓದಿದ್ದೆ. "ಅಮ್ಮಾ! ಎಷ್ಟು ಹಾಕಿದೆ ಅದಕ್ಕೆ?" ಎಂದು ಕಿರುಚಿಬಿಟ್ಟೆ. ಹೊರಗಿನಿಂದ ಬಂದಿದ್ದ ಇಬ್ಬರು ಹೆಂಗಸರು ತಿರುಗಿ ನೋಡಿದರು. ಅಮ್ಮನ ಮುಖ ಸಣ್ಣದಾಯಿತು. "ನಾಲ್ಕೋ ಐದೋ ಕಣೋ" ಎಂದರು.

ನಾಲ್ಕೈದು ದ್ರಾಕ್ಷಿಗೆ ಏನಾಗುತ್ತದೆ ಎಂದು ಫೋನಿನಲ್ಲಿ ಹುಡುಕುತ್ತಾ ಕೂತೆ. ಒಂದು ಕಡೆ ಒಂದೇ ದ್ರಾಕ್ಷಿ ಸಾಕು ಎಂದಿತ್ತು, ಇನ್ನೊಂದು ಕಡೆ ನಮ್ಮ ನಾಯಿ ವರ್ಷಗಟ್ಟಲೆ ತಿಂದಿದೆ, ಏನೂ ಆಗಿಲ್ಲ ಎಂದಿತ್ತು. ಅಷ್ಟರಲ್ಲಿ ಅತಿಥಿಗಳು ಬಂದರು, ಮಂಗಳಾರತಿ ಆಯಿತು. ಗುಂಡ ಬಾಲ ಅಲ್ಲಾಡಿಸಿಕೊಂಡು ಎಲ್ಲರ ಕಾಲು ಮೂಸುತ್ತಿದ್ದ. ಐದು ಮುಕ್ಕಾಲಿಗೆ ನನ್ನ ಹೆಂಡತಿ ನನ್ನನ್ನು ಗ್ಯಾರೇಜಿಗೆ ಕರೆದುಕೊಂಡು ಹೋಗಿ, "ಅತ್ತೆ ಅಳ್ತಾ ಇದಾರೆ. ಎರಡು ಹಿಡಿ ಅಂತೆ. ನೀನು ಕೂಗಾಡಿದ್ದಕ್ಕೆ ಹೆದರಿ ಹೇಳಲಿಲ್ಲ" ಎಂದಳು.

ಒಂದೂಕಾಲು ಗಂಟೆ ಹೋಗಿತ್ತು. ವಿಷ ತಿಂದ ನಾಯಿಯ ಹೊಟ್ಟೆ ಖಾಲಿ ಮಾಡಿಸಬೇಕಾದರೆ ಮೊದಲ ಒಂದೆರಡು ಗಂಟೆಯೇ ಮುಖ್ಯ. ಅದರಲ್ಲಿ ದೊಡ್ಡ ಪಾಲನ್ನು ನಾನು ಒಂದು ಕಿರುಚಾಟಕ್ಕೆ ಖರ್ಚು ಮಾಡಿದ್ದೆ. ಅಮ್ಮನದೇನು ತಪ್ಪು? ಹಾಸನದ ಮನೆಯಲ್ಲಿದ್ದ ಕರಿಯ ಹದಿನಾಲ್ಕು ವರ್ಷ ಅನ್ನ, ಸಾರು, ಮುದ್ದೆ, ಹಬ್ಬದ ದಿನ ಹೋಳಿಗೆ ತಿಂದುಕೊಂಡೇ ಬದುಕಿತ್ತು. ಹಾಗೆ ನೋಡಿದರೆ ದ್ರಾಕ್ಷಿಗೂ ನಾಯಿಯ ಕಿಡ್ನಿಗೂ ಇರುವ ಸಂಬಂಧ ಪಶುವೈದ್ಯರ ಪತ್ರಿಕೆಗಳಲ್ಲಿ ಬಂದದ್ದೇ 2001ರ ಸುಮಾರಿಗೆ. ಅಮ್ಮ ಬಂದ ದಿನವೇ ನಾನು ಹೇಳಬೇಕಿತ್ತು, ಹೇಳಿರಲಿಲ್ಲ.

ಅಲ್ಲಿಂದ ಮುಂದೆ ಫೋನು. ನಮ್ಮ ಮಾಮೂಲಿ ಕ್ಲಿನಿಕ್ಕಿನ ವಾಯ್ಸ್‌ಮೇಲ್ ಮಂಗಳವಾರ ತೆರೆಯುತ್ತೇವೆ ಎಂದು ಹೇಳಿ, ಒಂದು 24 ಗಂಟೆಯ ಪ್ರಾಣಿ ಆಸ್ಪತ್ರೆಯ ನಂಬರ್ ಕೊಟ್ಟಿತು. ಅಲ್ಲಿಗೆ ಹೆಂಡತಿ ಫೋನ್ ಮಾಡಿದರೆ, "ನಾಯಿ ನಿಂತಿದೆಯೇ? ಉಸಿರಾಟ ಸರಿ ಇದೆಯೇ? ಹಾಗಿದ್ದರೆ ಬನ್ನಿ, ಆದರೆ ಏಳೆಂಟು ಗಂಟೆ ಕಾಯಬೇಕಾಗಬಹುದು" ಎಂದರು. ಎರಡನೆಯ ಆಸ್ಪತ್ರೆ ಆ ರಾತ್ರಿ ಹೊಸ ಕೇಸುಗಳನ್ನೇ ತೆಗೆದುಕೊಳ್ಳುತ್ತಿರಲಿಲ್ಲ. ಮೂರನೆಯದರಲ್ಲಿ ಇಪ್ಪತ್ತು ನಿಮಿಷ ಹೋಲ್ಡ್ ಸಂಗೀತ ಕೇಳಿದ್ದಾಯಿತು, ಯಾರೂ ಎತ್ತಲಿಲ್ಲ. ನಾಲ್ಕನೆಯದು ಪೆನ್ಸಿಲ್ವೇನಿಯಾದ ಗಡಿ ದಾಟಿ ನಲವತ್ತು ಮೈಲಿ ದೂರ. ಅವರು ಬನ್ನಿ ಎಂದರು.

ಇದು ನಮಗೆ ವಿಚಿತ್ರವಾಗಿ ಕಾಣುತ್ತದೆ. ಮನುಷ್ಯರ ವಿಷಯದಲ್ಲಿ ಅಮೆರಿಕದಲ್ಲಿ 1986ರಿಂದ ಒಂದು ಫೆಡರಲ್ ಕಾನೂನಿದೆ, ಎಮ್ಟಾಲಾ ಎಂದು ಕರೆಯುತ್ತಾರೆ. ಮೆಡಿಕೇರ್ ಹಣ ಪಡೆಯುವ ಆಸ್ಪತ್ರೆಯ ಎಮರ್ಜೆನ್ಸಿಗೆ ಯಾರೇ ಬರಲಿ, ದುಡ್ಡಿರಲಿ ಬಿಡಲಿ, ಪರೀಕ್ಷಿಸಿ ತುರ್ತು ಸ್ಥಿತಿಯನ್ನು ಹತೋಟಿಗೆ ತರಲೇಬೇಕು. ನಾವು ಆ ಕಾನೂನಿನ ಹೆಸರು ಕೇಳಿರದಿದ್ದರೂ ಅದರ ನೆರಳಲ್ಲೇ ಬದುಕುತ್ತೇವೆ, ನಾಯಿಗೂ ಹಾಗೇ ಇರುತ್ತದೆ ಎಂದುಕೊಳ್ಳುತ್ತೇವೆ. ಪ್ರಾಣಿಗಳಿಗೆ ಅಂಥ ಫೆಡರಲ್ ಕಾನೂನಿಲ್ಲ. ಪ್ರಾಣಿಗಳ ಎಮರ್ಜೆನ್ಸಿ ಆಸ್ಪತ್ರೆ ಎಂಬುದು ಬಹುಮಟ್ಟಿಗೆ ಖಾಸಗಿ ವ್ಯವಹಾರ. ರಾತ್ರಿ ಪಾಳಿಗೆ ಡಾಕ್ಟರೂ ನರ್ಸೂ ಸಿಗದಿದ್ದರೆ ಬಾಗಿಲು ಹಾಕಬಹುದು. 2020ರ ನಂತರ ಸಾಕುಪ್ರಾಣಿಗಳ ಭೇಟಿ ಹೆಚ್ಚಿ, ಸಿಬ್ಬಂದಿ ಸಾಲದೆ, ಇಪ್ಪತ್ನಾಲ್ಕು ಗಂಟೆಯ ಎಷ್ಟೋ ಆಸ್ಪತ್ರೆಗಳು ಕೆಲವು ರಾತ್ರಿ ಮುಚ್ಚಿದ್ದುಂಟು. ಬ್ರಿಟನ್ನಿನಲ್ಲಿ ಸ್ಥಿತಿ ಸ್ವಲ್ಪ ಬೇರೆ. ಅಲ್ಲಿನ ರಾಯಲ್ ಕಾಲೇಜ್ ಆಫ್ ವೆಟರ್ನರಿ ಸರ್ಜನ್ಸ್‌ನ ವೃತ್ತಿಸಂಹಿತೆಯ ಪ್ರಕಾರ, ಪ್ರಾಕ್ಟೀಸ್ ಮಾಡುವ ಪಶುವೈದ್ಯರು 24 ಗಂಟೆಯೂ ತುರ್ತು ಪ್ರಥಮ ಚಿಕಿತ್ಸೆ ಮತ್ತು ನೋವು ಶಮನಕ್ಕೆ ಏರ್ಪಾಡು ಮಾಡಬೇಕು. ಅದೂ ಪುಕ್ಕಟೆಯಲ್ಲ ಬಿಡಿ.

ಕಾಯುವ ಸಾಲಿನ ಲೆಕ್ಕವೂ ಬೇರೆ. ಮೊದಲು ಬಂದವರಿಗೆ ಮೊದಲು ಅಲ್ಲ, ಮೊದಲು ಸಾಯುವಂತಿರುವುದಕ್ಕೆ ಮೊದಲು. ಬಾಲ ಅಲ್ಲಾಡಿಸುವ ನಾಯಿ ಹಿಂದೆ ಸರಿಯುತ್ತದೆ. ವಿಷದ ತೊಂದರೆ ಎಂದರೆ, ಒಳಗೆ ಕೆಲಸ ಶುರುವಾದರೂ ಹೊರಗೆ ನಾಯಿ ಬಾಲ ಅಲ್ಲಾಡಿಸುತ್ತಲೇ ಇರಬಹುದು. ದ್ರಾಕ್ಷಿಯದ್ದು ಹಾಗೆಯೇ: ಸಾಮಾನ್ಯವಾಗಿ ಮೊದಲ ದಿನದೊಳಗೆ ವಾಂತಿ, ಮಂಕು, ಒಂದರಿಂದ ಮೂರು ದಿನದಲ್ಲಿ ಕಿಡ್ನಿ ಕೈಕೊಡುತ್ತದೆ. ಆಮೇಲೆ ಮೂತ್ರ ನಿಂತರೆ ಉಳಿಸುವುದು ಬಹಳ ಕಷ್ಟ. ಹಾಗಾಗಿ ಫೋನಿನಲ್ಲಿ ಬರೀ "ನಾಯಿಗೆ ಹುಷಾರಿಲ್ಲ" ಎನ್ನಬೇಡಿ. "26 ಪೌಂಡಿನ ಬೀಗಲ್, ಎರಡು ಹಿಡಿ ಒಣದ್ರಾಕ್ಷಿ, ನಾಲ್ಕೂವರೆಗೆ ತಿಂದದ್ದು, ಇನ್ನೂ ವಾಂತಿಯಾಗಿಲ್ಲ" ಎಂದು ಹೇಳಿ. ನಾಲ್ಕನೆಯ ಆಸ್ಪತ್ರೆಗೆ ಹೆಂಡತಿ ಹೇಳಿದ್ದು ಹೀಗೆ. ಮೊದಲ ಆಸ್ಪತ್ರೆಗೂ ಹೀಗೇ ಹೇಳಿದ್ದರೆ ಏನೆನ್ನುತ್ತಿದ್ದರೋ!

ಅವಳು ಆಸ್ಪತ್ರೆ ಹುಡುಕುತ್ತಿದ್ದಾಗ ನಾನು ಇನ್ನೊಂದು ಫೋನಿನಲ್ಲಿದ್ದೆ. ಪ್ರಾಣಿಗಳ ವಿಷದ ಸಲಹೆಗೆಂದೇ ಅಮೆರಿಕದಲ್ಲಿ ಹಗಲೂ ರಾತ್ರಿ ನಡೆಯುವ ಎರಡು ಸಹಾಯವಾಣಿಗಳಿವೆ. ಎಎಸ್‌ಪಿಸಿಎ ಸಂಸ್ಥೆಯ ಅನಿಮಲ್ ಪಾಯ್ಸನ್ ಕಂಟ್ರೋಲ್ ಸೆಂಟರ್, 888-426-4435. ಪೆಟ್ ಪಾಯ್ಸನ್ ಹೆಲ್ಪ್‌ಲೈನ್, 855-764-7661. ಈಗಲೇ ಫೋನಿನಲ್ಲಿ ಸೇವ್ ಮಾಡಿಕೊಳ್ಳಿ, ಬರಹ ಆಮೇಲೆ ಓದಿದರಾಯಿತು. ಸಲಹೆಗೆ ಶುಲ್ಕವಿದೆ, ಕ್ರೆಡಿಟ್ ಕಾರ್ಡ್ ಕೈಯಲ್ಲಿರಲಿ. ಜಾತಿ, ವಯಸ್ಸು, ತೂಕ, ತಿಂದದ್ದೇನು, ಎಷ್ಟು, ಯಾವಾಗ, ಬೇರೆ ಕಾಯಿಲೆ ಏನಾದರೂ ಇದೆಯೇ ಎಂದು ಕೇಳುತ್ತಾರೆ. ಕೊನೆಗೆ ಒಂದು ಕೇಸ್ ನಂಬರ್ ಕೊಡುತ್ತಾರೆ. ಇದು ದೊಡ್ಡ ಉಪಕಾರ, ಏಕೆಂದರೆ ಆಮೇಲೆ ನಿಮ್ಮ ನಾಯಿಯನ್ನು ನೋಡುವ ಡಾಕ್ಟರು ಅದೇ ನಂಬರ್ ಹೇಳಿ ವಿಷತಜ್ಞರ ಜೊತೆ ನೇರವಾಗಿ ಮಾತಾಡಬಹುದು.

ಹತ್ತಿರದಲ್ಲಿ ಯಾರೂ ಬೇಗ ನೋಡುವುದಿಲ್ಲ ಎಂದು ಗೊತ್ತಾದ ಮೇಲೆ ಆಕೆ ಮನೆಯಲ್ಲೇ ವಾಂತಿ ಮಾಡಿಸಿ ಎಂದರು. ಅದಕ್ಕೆ 3 ಪರ್ಸೆಂಟಿನ ಹೈಡ್ರೋಜನ್ ಪೆರಾಕ್ಸೈಡ್ ಬೇಕು, ಗಾಯ ತೊಳೆಯಲು ಫಾರ್ಮಸಿಯಲ್ಲಿ ಸಿಗುವ ಕಂದು ಬಾಟಲಿ. ನಮ್ಮಲ್ಲಿ ಒಂದಿತ್ತು. ಸಿಂಕಿಗೆ ಸುರಿದು ನೋಡಿದರೆ ಒಂದು ಗುಳ್ಳೆಯೂ ಬರಲಿಲ್ಲ, ಯಾವ ಕಾಲದ್ದೋ. ಸ್ನೇಹಿತರೊಬ್ಬರು ರೇಷ್ಮೆ ಪಂಚೆಯಲ್ಲೇ ಫಾರ್ಮಸಿಗೆ ಓಡಿದರು. ಎಷ್ಟು ಕುಡಿಸಬೇಕೆಂದು ಇಲ್ಲಿ ಬೇಕೆಂದೇ ಬರೆಯುತ್ತಿಲ್ಲ. ಅದು ತೂಕದ ಮೇಲಿದೆ, ಹೆಚ್ಚಾದರೆ ಹೊಟ್ಟೆಯೊಳಗೆ ಹುಣ್ಣಾಗುತ್ತದೆ, ಡಾಕ್ಟರು ಹೇಳದೆ ಕೊಡುವಂತಿಲ್ಲ. ಪಗ್, ಬುಲ್‌ಡಾಗ್‌ನಂಥ ಚಪ್ಪಟೆ ಮೂಗಿನವಕ್ಕೆ, ಮಂಪರಿನಲ್ಲಿರುವ ನಾಯಿಗೆ, ಆ್ಯಸಿಡ್ ಅಥವಾ ಸೀಮೆಎಣ್ಣೆಯಂಥದ್ದು ಕುಡಿದ ನಾಯಿಗೆ ಮನೆಯಲ್ಲಿ ವಾಂತಿ ಮಾಡಿಸಬಾರದು. ಬೆಕ್ಕಿಗಂತೂ ಪೆರಾಕ್ಸೈಡ್ ಕೂಡದೇ ಕೂಡದು. ಊರಿನ ಕಡೆ ಮಾಡುವಂತೆ ಉಪ್ಪುನೀರು ಕುಡಿಸುವುದು ಇನ್ನೂ ಅಪಾಯ, ಉಪ್ಪೇ ವಿಷವಾಗುತ್ತದೆ.

ಗುಂಡ ಹಿತ್ತಲ ಹುಲ್ಲಿನ ಮೇಲೆ ವಾಂತಿ ಮಾಡಿದ. ಉಬ್ಬಿಕೊಂಡ ದ್ರಾಕ್ಷಿಗಳನ್ನು ನಾನೂ ಅಮ್ಮನೂ ಕೂತು ಎಣಿಸಿದೆವು. ಮೂವತ್ತೊಂದು. ಗಣಪತಿ ಒಳಗೆ ಹಾಗೇ ಕೂತಿದ್ದ, ಅವನನ್ನು ಸ್ನೇಹಿತರೇ ಬಕೆಟ್ಟಿನ ನೀರಿನಲ್ಲಿ ಬಿಟ್ಟರಂತೆ. ನಾವು ಏಳೂವರೆಗೆ ಹೊರಟೆವು. ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟು ಮತ್ತೆ ವಾಂತಿ ಮಾಡಿಸಿದಾಗ ಇನ್ನಷ್ಟು ಬಂತು.

ಆಮೇಲೆ ಒಂದು ಹಾಳೆ ತಂದರು. ಎರಡು ಕಾಲಂ: ಕಡಿಮೆ ಎಂದರೆ 3,200 ಡಾಲರ್, ಹೆಚ್ಚೆಂದರೆ 4,600. ಕಡಿಮೆಯ ಮೊತ್ತವನ್ನು ಈಗಲೇ ಕಟ್ಟಬೇಕು, ಆಮೇಲೆ ಡ್ರಿಪ್. ಎರಡು ದಿನ ಸತತ ಡ್ರಿಪ್, ದಿನಾ ರಕ್ತ ಪರೀಕ್ಷೆ, ಮೂತ್ರದ ಅಳತೆ. ಅಮ್ಮ ರೂಪಾಯಿಯಲ್ಲಿ ಎಷ್ಟೆಂದು ಕೇಳಿದರು. ಎರಡೂವರೆ ಲಕ್ಷ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ನ ಪೆನ್ಷನ್ ದುಡ್ಡು ಬ್ಯಾಂಕಿನಲ್ಲಿದೆ ಕಣೋ, ಅದನ್ನ ತಗೋ" ಎಂದರು. ನಾವು ಮಾತಾಡುತ್ತಿದ್ದಾಗಲೇ ಬೆಕ್ಕಿನ ಬುಟ್ಟಿ ಹಿಡಿದ ಒಬ್ಬ ಹುಡುಗ ಕೌಂಟರಿನಲ್ಲಿ ತನ್ನ ಹಾಳೆ ನೋಡಿ, ಏನೂ ಹೇಳದೆ ಬುಟ್ಟಿಯೊಂದಿಗೆ ಹೊರಗೆ ಹೋದ. ಅವನು ಕಾರಿನಲ್ಲಿ ಕೂತು ಯಾರಿಗೋ ಫೋನ್ ಮಾಡುತ್ತಿದ್ದುದು ಗಾಜಿನಿಂದ ಕಾಣುತ್ತಿತ್ತು.

ಹಣದ ವಿಷಯ ನಮ್ಮವರು ಕೇಳಲು ನಾಚುತ್ತಾರೆ. ನಾಚಬೇಡಿ. ಈ ರಾತ್ರಿ ಆಗಲೇಬೇಕಾದದ್ದು ಯಾವುದು, ನಾಳೆಗೆ ಕಾಯಬಹುದಾದದ್ದು ಯಾವುದು ಎಂದು ಡಾಕ್ಟರನ್ನೇ ಕೇಳಬಹುದು. ರಾತ್ರಿ ಇಲ್ಲಿ, ಬೆಳಗಾದ ಮೇಲೆ ನಿಮ್ಮ ಮಾಮೂಲಿ ಕ್ಲಿನಿಕ್ಕಿನಲ್ಲಿ ಡ್ರಿಪ್ ಎಂಬ ಏರ್ಪಾಡೂ ಕೆಲವೊಮ್ಮೆ ಸಾಧ್ಯ, ಖರ್ಚು ತಗ್ಗುತ್ತದೆ. ನಮಗೆ ಮರುದಿನ ರಜೆಯಾದ್ದರಿಂದ ಅದೂ ಇರಲಿಲ್ಲ. ಕೇರ್‌ಕ್ರೆಡಿಟ್, ಸ್ಕ್ರ್ಯಾಚ್‌ಪೇ ಎಂಬ ಕಂತಿನ ವ್ಯವಸ್ಥೆಗಳನ್ನು ಹಲವು ಆಸ್ಪತ್ರೆಗಳು ಒಪ್ಪುತ್ತವೆ. ಕೇರ್‌ಕ್ರೆಡಿಟ್‌ನಲ್ಲಿ ಬಡ್ಡಿಯಿಲ್ಲದ ಅವಧಿಯೊಳಗೆ ಪೂರ್ತಿ ತೀರಿಸದಿದ್ದರೆ ಮೊದಲ ದಿನದಿಂದಲೇ ಬಡ್ಡಿ ಹಾಕುವ ಷರತ್ತು ಇರುತ್ತದೆ, ಓದಿ ಸಹಿ ಮಾಡಿ. ಇನ್ನು ನಾಯಿಯ ಇನ್ಶೂರೆನ್ಸ್: ಸಾಮಾನ್ಯವಾಗಿ ನೀವು ಮೊದಲು ಕಟ್ಟಿ ಆಮೇಲೆ ವಾಪಸು ಪಡೆಯಬೇಕು, ಪಾಲಿಸಿ ತೆಗೆದುಕೊಂಡು ಕೆಲವು ದಿನ ಕಳೆಯುವವರೆಗೆ ಅನ್ವಯಿಸುವುದಿಲ್ಲ, ಮೊದಲೇ ಇದ್ದ ಕಾಯಿಲೆಗೆ ಕೊಡುವುದಿಲ್ಲ. ನಾನು ಜಾಣನಂತೆ ಆ ಘಟನೆಯ ಮರುತಿಂಗಳು ಮಾಡಿಸಿದೆ. ಕಿಡ್ನಿ ಬಿಟ್ಟು ಉಳಿದದ್ದಕ್ಕೆಲ್ಲ ಅನ್ವಯಿಸುತ್ತದೆ ಎಂದು ಪತ್ರ ಬಂತು.

ಗುಂಡನ ರಕ್ತದ ಕ್ರಿಯಾಟಿನಿನ್, ಕಿಡ್ನಿ ಎಷ್ಟು ಚೆನ್ನಾಗಿ ಸೋಸುತ್ತಿದೆ ಎಂದು ತಿಳಿಸುವ ಅಂಕಿ, ಬಂದ ರಾತ್ರಿ 0.9 ಇತ್ತು. ಮಂಗಳವಾರ ಬೆಳಿಗ್ಗೆ 2.4. ಅಮ್ಮ ಆ ದಿನ ಊಟ ಮಾಡಲಿಲ್ಲ, ನಾನು ಕೆಲಸದ ಮೀಟಿಂಗಿನಲ್ಲಿ ಏನು ಮಾತಾಡಿದೆನೋ ದೇವರಿಗೇ ಗೊತ್ತು. ಬುಧವಾರ 2.1, ಗುರುವಾರ 1.7. ಆ ಸಂಜೆ ಮನೆಗೆ ಕಳಿಸಿದರು. ಒಟ್ಟು ಬಿಲ್ಲು 5,870 ಡಾಲರ್. ಕಾಲಿನ ಮೇಲೆ ಬೋಳಿಸಿದ ಚೌಕ, ಕೊರಳಿಗೆ ಪ್ಲಾಸ್ಟಿಕ್ ಕೊಳವೆ. ಬಾಗಿಲು ದಾಟಿದವನೇ ನೇರ ಅಡುಗೆಮನೆಗೆ ಹೋಗಿ ಅಮ್ಮನ ಕಾಲ ಬುಡದಲ್ಲಿ ಕೂತ.

ದ್ರಾಕ್ಷಿಯಲ್ಲಿ ಏನಿದೆ? ಇಪ್ಪತ್ತು ವರ್ಷ ಯಾರಿಗೂ ಸರಿಯಾಗಿ ಗೊತ್ತಾಗಿರಲಿಲ್ಲ. ಒಂದು ನಾಯಿ ಬೊಗಸೆ ತಿಂದು ಆರಾಮಾಗಿರುತ್ತಿತ್ತು, ಇನ್ನೊಂದು ನಾಲ್ಕು ತಿಂದು ಆಸ್ಪತ್ರೆ ಸೇರುತ್ತಿತ್ತು. ಸುಳಿವು ಸಿಕ್ಕಿದ್ದು ಮಕ್ಕಳ ಆಟದ ಹಿಟ್ಟಿನಿಂದ. ಮನೆಯಲ್ಲಿ ಮಾಡಿದ ಪ್ಲೇಡೋ ತಿಂದ ನಾಯಿಯಲ್ಲಿ ದ್ರಾಕ್ಷಿ ತಿಂದಂಥದ್ದೇ ಕಿಡ್ನಿ ತೊಂದರೆ ಕಂಡಿತು. ಆ ಹಿಟ್ಟಿಗೆ ಕ್ರೀಮ್ ಆಫ್ ಟಾರ್ಟರ್ ಹಾಕುತ್ತಾರೆ. ಅದು ಟಾರ್ಟಾರಿಕ್ ಆಮ್ಲದ ಲವಣ, ದ್ರಾಕ್ಷಿಯಲ್ಲೂ ಹೇರಳವಾಗಿ ಇರುವಂಥದ್ದು. ಎಎಸ್‌ಪಿಸಿಎಯ ವಿಷತಜ್ಞರು 2021ರಲ್ಲಿ ಈ ವಾದವನ್ನು ಮುಂದಿಟ್ಟರು. ದ್ರಾಕ್ಷಿಯ ತಳಿ, ಬೆಳೆದ ಜಾಗ, ಮಾಗಿದ ಹದ ಇವುಗಳಿಂದ ಈ ಆಮ್ಲದ ಪ್ರಮಾಣ ಬದಲಾಗುತ್ತದೆ. "ಎಷ್ಟು ತಿಂದರೆ ಅಪಾಯ" ಎಂಬ ಲೆಕ್ಕ ಕೂಡದೇ ಇದ್ದದ್ದು ಅದಕ್ಕೇ ಇರಬೇಕು. ನಾಯಿಯ ಕಿಡ್ನಿಗೆ ಈ ಆಮ್ಲವನ್ನು ಹೊರಹಾಕುವ ಶಕ್ತಿ ಕಡಿಮೆ ಎಂಬುದು ಈಗಿನ ಊಹೆ.

ಕನ್ನಡಿಗರು ಕಿವಿ ನಿಮಿರಿಸಬೇಕಾದ್ದು ಇನ್ನು ಮುಂದೆ. 2022ರಲ್ಲಿ ಪ್ರಕಟವಾದ ಅದೇ ಸರಣಿಯ ಲೇಖನದಲ್ಲಿ ಕ್ರೀಮ್ ಆಫ್ ಟಾರ್ಟರ್ ಜೊತೆಗೆ ಇನ್ನೊಂದು ಪದಾರ್ಥ ತಿಂದು ಕಿಡ್ನಿ ಕೆಟ್ಟ ನಾಯಿಗಳ ವಿವರವಿದೆ. ಆ ಪದಾರ್ಥ ನಮ್ಮ ಹುಣಸೆಹಣ್ಣು! ಅದರ ಹುಳಿಗೆ ಕಾರಣವೇ ಟಾರ್ಟಾರಿಕ್ ಆಮ್ಲ. ಇದನ್ನು ಓದಿದ ದಿನ ನಾನು ನಮ್ಮ ಪ್ಯಾಂಟ್ರಿಯ ಕೆಳಗಿನ ಅರೆಯನ್ನು ನೋಡಿ ದಂಗಾದೆ. ಹುಣಸೆಹಣ್ಣಿನ ಇಟ್ಟಿಗೆ, ಪುಳಿಯೋಗರೆ ಗೊಜ್ಜಿನ ಡಬ್ಬ, ಒಣದ್ರಾಕ್ಷಿ, ಈರುಳ್ಳಿ ಬುಟ್ಟಿ, ಎಲ್ಲ ಸರಿಯಾಗಿ ಬೀಗಲ್ ಮೂಗಿನ ಎತ್ತರದಲ್ಲಿ. ಸಾರು ಕಲಸಿದ ಒಂದು ತುತ್ತು ಅನ್ನಕ್ಕೂ ಹುಣಸೆ ಉಂಡೆಗೂ ವ್ಯತ್ಯಾಸವಿದೆ, ನಿಜ. ಕರಿಯ ಸಾರನ್ನ ತಿಂದೇ ಬದುಕಿದ್ದೂ ನಿಜ. ಆದರೂ ನಾನೀಗ ಕೊಡುವುದಿಲ್ಲ.

ಈರುಳ್ಳಿ, ಬೆಳ್ಳುಳ್ಳಿಯ ದಾರಿ ಬೇರೆ. ಅವು ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ಬೇಯಿಸಿದರೂ, ಒಣಗಿಸಿ ಪುಡಿ ಮಾಡಿದರೂ ಗುಣ ಹೋಗುವುದಿಲ್ಲ. ಪುಡಿ ಇನ್ನೂ ತೀಕ್ಷ್ಣ. ಲಕ್ಷಣ ಕೆಲವು ದಿನ ಬಿಟ್ಟು ಕಾಣುತ್ತದೆ: ಒಸಡು ಬಿಳಿಚಿಕೊಳ್ಳುತ್ತದೆ, ಮೂತ್ರ ಕಡುಬಣ್ಣಕ್ಕೆ ತಿರುಗುತ್ತದೆ, ಅಷ್ಟೊತ್ತಿಗೆ ತಿಂದದ್ದು ನಮಗೆ ಮರೆತಿರುತ್ತದೆ. ಸಕ್ಕರೆಯಿಲ್ಲದ ಚೂಯಿಂಗ್ ಗಮ್ಮಿನ ಜೈಲಿಟಾಲ್ ತದ್ವಿರುದ್ಧ, ಅರ್ಧ ಗಂಟೆಯೊಳಗೇ ರಕ್ತದ ಸಕ್ಕರೆಯನ್ನು ಕುಸಿಸಬಲ್ಲದು. ಕೆಲವು ಪೀನಟ್ ಬಟರ್‌ಗಳಲ್ಲೂ ಅದಿರುತ್ತದೆ. ಚಾಕೊಲೇಟ್ ವಿಷಯ ಮಕ್ಕಳಿಗೇ ಗೊತ್ತು. ತಾತ ಅಜ್ಜಿಯರ ಮಾತ್ರೆ ಡಬ್ಬಿ, ಮೊಣಕಾಲು ನೋವಿನ ಐಬುಪ್ರೊಫೇನ್, ಇವನ್ನೂ ಮೇಲಿಡಿ.

ವಿಷವಲ್ಲದ ಒಂದನ್ನು ಮಾತ್ರ ಸೇರಿಸುತ್ತೇನೆ, ಏಕೆಂದರೆ ಅದಕ್ಕೆ ಫೋನು, ಹುಡುಕಾಟ ಯಾವುದಕ್ಕೂ ಸಮಯವಿಲ್ಲ. ಜರ್ಮನ್ ಶೆಫರ್ಡ್, ಗ್ರೇಟ್ ಡೇನ್‌ನಂಥ ಅಗಲ ಎದೆಯ ದೊಡ್ಡ ನಾಯಿಗಳಲ್ಲಿ ಹೊಟ್ಟೆ ಗಾಳಿ ತುಂಬಿ ತಿರುಚಿಕೊಳ್ಳುವುದುಂಟು. ನಾಯಿ ಮತ್ತೆ ಮತ್ತೆ ವಾಂತಿಗೆ ಪ್ರಯತ್ನಿಸುತ್ತದೆ, ಏನೂ ಬರುವುದಿಲ್ಲ, ಹೊಟ್ಟೆ ತಮಟೆಯಂತೆ ಬಿಗಿಯುತ್ತದೆ, ಮಲಗಲಾರದೆ ತಿರುಗುತ್ತದೆ. ಓಮದ ನೀರು, ಮಜ್ಜಿಗೆ, ಬೆಳಗಾಗಲಿ ಎಂಬ ಮಾತು ಯಾವುದೂ ಬೇಡ. ಕಾರು ಹತ್ತಿಸಿ, ದಾರಿಯಲ್ಲಿ ಫೋನ್ ಮಾಡಿಸಿ. ಆಪರೇಷನ್ ಬಿಟ್ಟರೆ ಗತಿಯಿಲ್ಲ, ಗಂಟೆಗಳಲ್ಲಿ ಜೀವ ಹೋಗುತ್ತದೆ.

ನಮ್ಮ ಫ್ರಿಜ್ ಮೇಲೆ ಈಗ ಒಂದು ಹಾಳೆ ಇದೆ. ಮೂರು ಎಮರ್ಜೆನ್ಸಿ ಆಸ್ಪತ್ರೆಗಳ ವಿಳಾಸ, ದೂರ. ವರ್ಷಕ್ಕೆರಡು ಸಲ, ಉದ್ದ ವೀಕೆಂಡಿನ ಮುಂಚೆ, ಫೋನ್ ಮಾಡಿ ಕೇಳುತ್ತೇನೆ: ರಾತ್ರಿ ತೆರೆದಿರುತ್ತೀರಾ, ಆಪರೇಷನ್ ಮಾಡುವವರು ಇರುತ್ತಾರಾ, ಡೆಪಾಸಿಟ್ ಎಷ್ಟು? ಎರಡು ವಿಷದ ಸಹಾಯವಾಣಿಗಳು. ಗುಂಡನ ತೂಕ, ಔಷಧಿ, ಕಳೆದ ರಕ್ತ ಪರೀಕ್ಷೆಯ ಅಂಕಿಗಳು. ಅದರ ಕೆಳಗೆ ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ದ್ರಾಕ್ಷಿ, ಹುಣಸೆ, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್, ಗಮ್. ಊರಿನಿಂದ ಬಂದವರ ಪೆಟ್ಟಿಗೆ ಇಳಿಸುವ ಮುಂಚೆ ಈ ಹಾಳೆ ತೋರಿಸುತ್ತೇವೆ. ಕಳೆದ ಸಲ ಅಮ್ಮ ಬಂದಾಗ ಅದನ್ನು ತಾವೇ ಓದಿ, ಹುಣಸೆ ಡಬ್ಬವನ್ನು ಸ್ಟೂಲ್ ಹಾಕಿಕೊಂಡು ಮೇಲಿನ ಅರೆಗೆ ಏರಿಸಿದರು. ಸ್ಟೂಲಿನಿಂದ ಅವರು ಬಿದ್ದರೆ ಎಂಬ ಭಯ ನಮಗೆ ಹೊಸದಾಗಿ ಶುರುವಾಗಿದೆ.

ಗುಂಡನ ಕಿಡ್ನಿ ಮೊದಲಿನಂತಾಗಿಲ್ಲ. ಕಿಡ್ನಿಗೆಂದೇ ಮಾಡಿದ ಸಪ್ಪೆ ಊಟ, ಆರು ತಿಂಗಳಿಗೊಮ್ಮೆ ರಕ್ತ ಪರೀಕ್ಷೆ. ಮೂಗು ಮಾತ್ರ ಮೊದಲಿನಂತೆಯೇ ಇದೆ. ಮುಂದಿನ ತಿಂಗಳ ಪಿಕ್ನಿಕ್ಕಿಗೆ ಅವನೂ ಬರುತ್ತಾನೆ. ಪುಳಿಯೋಗರೆ ತಟ್ಟೆ ಹಿಡಿದವರ ಮುಂದೆ ಕೂತು, ಜನ್ಮದಲ್ಲೇ ಅನ್ನ ಕಾಣದವನಂತೆ ನೋಡುತ್ತಾನೆ. ನಂಬಬೇಡಿ, ಮನೆಯಲ್ಲಿ ತಿಂದೇ ಬಂದಿರುತ್ತಾನೆ.